ಡೊಳ್ಳಿನ ವೇಗಕ್ಕೆ ನಾನು ಎಳೆದ ಗೆರೆ

ಪೊಲೀಸ್ ಬ್ಯಾಂಡಿನಿಂದ ನಾನು ನಿವೃತ್ತನಾದ ನಾಲ್ಕನೆಯ ವರ್ಷ, ಕೊರೊನಾ ಗಲಾಟೆಯೆಲ್ಲ ತಣ್ಣಗಾದ ಮೇಲೆ, ಈ ಕೆಲಸ ನನ್ನ ಕೈಗೆ ಬಂತು. ಆಗ ನಾನು ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಹೇಳಿಕೊಳ್ಳುವಂಥ ಹುದ್ದೆ ಏನೂ ಇರಲಿಲ್ಲ. ಯಾರಾದರೂ ಕೇಳಿದರೆ ‘ನೊಟೇಶನ್ ಬರೆದುಕೊಡ್ತೀನಿ’ ಅನ್ನುತ್ತಿದ್ದೆ. ಹಾಗೆಂದರೆ ಏನು ಎಂದು ಮತ್ತೆ ಕೇಳುವವರು ಕಡಿಮೆ.

ಕೆಲಸ ಇಷ್ಟೇ. ಎಲ್ಲೋ ಯಾರೋ ಹಾಡಿದ, ನುಡಿಸಿದ ಧ್ವನಿಮುದ್ರಣ ನನಗೆ ಬರುತ್ತದೆ. ನಾನು ಅದನ್ನು ಹೆಡ್‌ಫೋನಿನಲ್ಲಿ ಕೇಳಿ, ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಗೆ ಇಳಿಸಿ, ನೊಟೇಶನ್ ಸಾಫ್ಟ್‌ವೇರಿನಲ್ಲಿ ಜೋಡಿಸಿ ಕಳಿಸುತ್ತೇನೆ. ಪಿಟೀಲು ನುಡಿಸುವವರು ಅದನ್ನು ನೋಡಿ ನುಡಿಸುತ್ತಾರೆ. ಬೇಕೆಂದರೆ ಸಾಫ್ಟ್‌ವೇರ್ ತಾನೇ ಅದನ್ನು ನುಡಿಸಿ ತೋರಿಸುತ್ತದೆ.

ಬ್ಯಾಂಡಿನಲ್ಲಿ ನಾನು ಇಪ್ಪತ್ತಾರು ವರ್ಷ ಕ್ಲಾರಿನೆಟ್ ಊದಿದವನು. ಐವತ್ತರ ಹೊತ್ತಿಗೆ ಒಸಡು ಕೆಟ್ಟು ಮೇಲಿನ ನಾಲ್ಕು ಹಲ್ಲು ಕೀಳಿಸಬೇಕಾಯಿತು. ಕ್ಲಾರಿನೆಟ್ಟಿನ ಬಾಯಿ ಕೂರುವುದೇ ಆ ಹಲ್ಲುಗಳ ಮೇಲೆ. ಕಟ್ಟಿಸಿದ ಹಲ್ಲಿನಲ್ಲಿ ಮೊದಲಿನ ನಾದ ಬರಲಿಲ್ಲ. ಬ್ಯಾಂಡ್ ಮಾಸ್ಟರರು ಒಳ್ಳೆಯವರು. ಮನೆಗೆ ಕಳಿಸದೆ ನನ್ನನ್ನು ನೊಟೇಶನ್ ಪುಸ್ತಕಗಳನ್ನಿಡುವ ಕೋಣೆಗೆ ಹಾಕಿದರು. ಅಲ್ಲಿ ಕೂತು ಹರಿದ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುತ್ತ ಸಾಫ್ಟ್‌ವೇರ್ ಕಲಿತೆ. ಗೋಡೆಯಾಚೆ ಉಳಿದವರ ಅಭ್ಯಾಸ ದಿನಾ ಕೇಳುತ್ತಿತ್ತು.

ಮದುವೆಯಾಗಲಿಲ್ಲ. ವರ್ಗಾವಣೆ, ಅಮ್ಮನ ಕಾಯಿಲೆ, ಹೀಗೆ ಕಾರಣಗಳು ಒಂದರ ಹಿಂದೆ ಒಂದು ಬಂದು, ಕೊನೆಗೆ ಕಾರಣವೇ ಬೇಕಾಗದ ವಯಸ್ಸು ಬಂತು. ಶಿಕಾರಿಪುರದಲ್ಲಿ ಮಾತಿಗೆ ಸಿಗುವವರು ಕೆಳಗಿನ ಅಂಗಡಿಯವರು ಮತ್ತು ಎದುರಿನ ಹೋಟೆಲಿನ ಶಿವಣ್ಣ. ಕೆಲವು ದಿನ ಸಂಜೆ ಹೋಟೆಲಿಗೆ ಹೋಗಿ ‘ಒಂದು ಟೀ’ ಅಂದಾಗ ದನಿ ಒಡೆದು ಬರುತ್ತಿತ್ತು. ಅದು ಆ ದಿನದ ನನ್ನ ಮೊದಲ ಮಾತು ಎನ್ನುವುದು ಆಗ ಗಮನಕ್ಕೆ ಬರುತ್ತಿತ್ತು.

ಆ ವರ್ಷದ ದಸರೆಗೆ ಮೊದಲು ಮೈಸೂರಿನಿಂದ ವಿವೇಕ್ ಎಂಬ ಸಂಗೀತ ಸಂಯೋಜಕ ಫೋನ್ ಮಾಡಿದ. ಮೂವತ್ತೈದರ ಆಸುಪಾಸಿನ ಹುಡುಗ, ಮಾತು ವಿನಯದ್ದು. ಹೊಸಬಾಳೆ ಕಡೆಯ ಒಂದು ಹಳ್ಳಿಯಲ್ಲಿ ಹನ್ನೆರಡು ಮಂದಿ ಹೆಂಗಸರ ಡೊಳ್ಳು ತಂಡವಿದೆ, ಅವರ ಡೊಳ್ಳಿನೊಂದಿಗೆ ಇಪ್ಪತ್ತೆರಡು ತಂತಿವಾದ್ಯಗಳನ್ನು ಸೇರಿಸಿ ಒಂದು ಕೃತಿ ಮಾಡುತ್ತಿದ್ದೇನೆ, ಡಿಸೆಂಬರಿನಲ್ಲಿ ಮೈಸೂರಿನ ಸಭಾಂಗಣವೊಂದರಲ್ಲಿ ಪ್ರದರ್ಶನ ಎಂದ. ತಂತಿವಾದ್ಯದವರನ್ನೆಲ್ಲ ವೇದಿಕೆಗೆ ತರುವುದು ಅವನಿಂದ ಆಗದ ಮಾತು. ಅವರ ಭಾಗವನ್ನು ಮೊದಲೇ ಸ್ಟುಡಿಯೋದಲ್ಲಿ ಮುದ್ರಿಸಿ, ಹೆಂಗಸರು ವೇದಿಕೆಯ ಮೇಲೆ ಆ ಮುದ್ರಣಕ್ಕೆ ಸರಿಯಾಗಿ ಬಾರಿಸಬೇಕು. ತಂಡದ ಮುಂದಾಳಿನ ಕಿವಿಗೆ ಒಂದು ಇಯರ್‌ಫೋನ್. ಅದರಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಎಂಬ ಸದ್ದು. ಇದನ್ನು ಕ್ಲಿಕ್ ಟ್ರ್ಯಾಕ್ ಎನ್ನುತ್ತಾರೆ. ಆಕೆ ಆ ಕ್ಲಿಕ್ ಹಿಡಿದರೆ ಉಳಿದವರು ಆಕೆಯನ್ನು ಹಿಡಿಯುತ್ತಾರೆ.

“ಡೊಳ್ಳು ನಿಧಾನಕ್ಕೆ ಶುರುವಾಗಿ, ಹೋಗ್ತಾ ಹೋಗ್ತಾ ಜೋರಾಗ್ಬೇಕು ಸರ್. ಎಲ್ಲೂ ಮೆಟ್ಟಿಲು ಕಾಣಬಾರದು. ಇಳಿಜಾರಿನಲ್ಲಿ ನೀರು ಹೋದ ಹಾಗೆ,” ಎಂದ.

ವೇಗ ಹೀಗೆ ಮೆಲ್ಲಮೆಲ್ಲಗೆ ಏರುವುದಕ್ಕೆ ಸ್ವರಲಿಪಿಯಲ್ಲಿ ಅಕ್ಸೆಲೆರಾಂಡೋ ಎಂಬ ಇಟಾಲಿಯನ್ ಹೆಸರಿದೆ. ಕೈಯಲ್ಲಿ ಬರೆಯುವ ಕಾಲದಲ್ಲಿ ಆ ಒಂದು ಪದ ಬರೆದು ಮುಂದೆ ಚುಕ್ಕೆ ಗೆರೆ ಎಳೆದರೆ ಮುಗಿಯಿತು; ಎಷ್ಟು ಏರಿಸಬೇಕು, ಯಾವಾಗ ಏರಿಸಬೇಕು ಅನ್ನುವುದು ನುಡಿಸುವವನಿಗೆ ಬಿಟ್ಟದ್ದು. ಸಾಫ್ಟ್‌ವೇರಿಗೆ ಹಾಗೆ ಬಿಟ್ಟು ಗೊತ್ತಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟರಿಂದ ಎಷ್ಟಕ್ಕೆ ಎಂದು ಸಂಖ್ಯೆ ಕೇಳುತ್ತದೆ. ಕೊಟ್ಟರೆ ಎರಡರ ನಡುವೆ ನೇರ ಗೆರೆ ಎಳೆದು, ಪ್ರತಿ ಪೆಟ್ಟಿಗೂ ಇಷ್ಟಿಷ್ಟೇ ಎಂದು ವೇಗವನ್ನು ಹಂಚುತ್ತದೆ.

ವಿವೇಕ್ ಹಳ್ಳಿಗೆ ಹೋಗಿದ್ದಾಗ ಫೋನಿನಲ್ಲಿ ಹಿಡಿದುಕೊಂಡಿದ್ದ ಧ್ವನಿಮುದ್ರಣ ಕಳಿಸಿದ. ನಾಲ್ಕೂವರೆ ನಿಮಿಷ. ಎರಡು ದಿನ ಅದರಲ್ಲೇ ಕೂತೆ. ನಾಲ್ಕು ಪೆಟ್ಟುಗಳ ಒಂದು ಗುಂಪಿಗೆ ನಾವು ಬಾರ್ ಎನ್ನುತ್ತೇವೆ. ಅಂಥ ತೊಂಬತ್ತಾರು ಬಾರ್‌ಗಳಾದವು. ನಿಮಿಷಕ್ಕೆ ನಲವತ್ತೆಂಟು ಪೆಟ್ಟಿನಿಂದ ಹೊರಟು ನೂರಮೂವತ್ತೆರಡಕ್ಕೆ ಮುಟ್ಟುತ್ತಿದ್ದರು. ಸ್ವರಲಿಪಿ ಬರೆಯುವುದು ಕಷ್ಟವಾಗಲಿಲ್ಲ. ವೇಗದ ನಕ್ಷೆ ಮಾತ್ರ ವಿವೇಕ್ ಹೇಳಿದ ಇಳಿಜಾರಿನಂತೆ ಇರಲಿಲ್ಲ. ಇಪ್ಪತ್ತಮೂರನೆಯ ಬಾರ್‌ನಲ್ಲಿ, ಅರವತ್ತೇಳರವರೆಗೆ ಬಂದಿದ್ದ ವೇಗ ಅರವತ್ತೆರಡಕ್ಕೆ ಕುಸಿದು, ಮರುಕ್ಷಣ ಎಪ್ಪತ್ತಕ್ಕೆ ಜಿಗಿಯುತ್ತಿತ್ತು. ನಲವತ್ತೊಂದರಲ್ಲಿ ಮತ್ತೆ ಹಾಗೇ. ಐವತ್ತೊಂಬತ್ತು, ಎಪ್ಪತ್ತೇಳರಲ್ಲೂ ಹಾಗೇ.

ನಾಲ್ಕು ಕಡೆ ಕೈ ತಪ್ಪಿದೆ ಎಂದುಕೊಂಡೆ. ಹದಿನೆಂಟು ಬಾರ್‌ಗಳಿಗೊಮ್ಮೆ ಲೆಕ್ಕವಿಟ್ಟಂತೆ ಬರುವ ತಪ್ಪು ತಪ್ಪಾಗಿರುವುದು ಹೇಗೆ ಎಂದು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಿತ್ತು. ಮೊದಲ ಪೆಟ್ಟು ಹಿಡಿದೆ, ಕೊನೆಯ ಪೆಟ್ಟು ಹಿಡಿದೆ, ಎರಡು ಸಂಖ್ಯೆ ಕೊಟ್ಟೆ, ಒಂದೇ ಗೆರೆ ಎಳೆದೆ. ಕ್ಲಿಕ್ ಟ್ರ್ಯಾಕ್ ತೆಗೆದು ವಿವೇಕನಿಗೆ ಕಳಿಸಿದೆ. ‘ಇದೇ ಬೇಕಿತ್ತು ಸರ್’ ಎಂದು ಉತ್ತರ ಬಂತು. ಅದನ್ನು ಹೆಂಗಸರಿಗೆ ಅಭ್ಯಾಸ ಮಾಡಿಸಿ ಬರಲು ಸಾಧ್ಯವೇ ಎಂದೂ ಕೇಳಿದ. ಒಪ್ಪಿದೆ. ಕೆಲಸದ ನೆಪದಲ್ಲಾದರೂ ನಾಲ್ಕು ಜನರ ನಡುವೆ ಕೂರುವ ಆಸೆ ನನಗಿತ್ತು.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹಿಡಿದೆ. ದಾರಿಯುದ್ದಕ್ಕೂ ಡಾಂಬರಿನ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಬಸ್ಸು ಉಳಿದರ್ಧದಲ್ಲಿ ಸಾಗುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಊರಾಚೆಯ ಕಣದಲ್ಲಿ ಹೆಂಗಸರು ಸೇರಿದರು. ಮುಂದಾಳು ರೇಣುಕಾ, ನಲವತ್ತರೊಳಗಿನವಳು, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವಳು. ಸಾಲಿನ ಕೊನೆಯಲ್ಲಿ ಹನುಮವ್ವ ಎಂಬ ಹಿರಿಯಾಕೆ. ಅರವತ್ತು ದಾಟಿದ್ದರೂ ಉಳಿದವರಷ್ಟೇ ದೊಡ್ಡ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡಿದ್ದರು. ತಂಡ ಕಟ್ಟಿದ್ದೇ ಅವರು, ರೇಣುಕಾಳ ಕೈಗೆ ಕೋಲು ಕೊಟ್ಟವರೂ ಅವರೇ ಎಂದು ಆಮೇಲೆ ಗೊತ್ತಾಯಿತು.

ಅಭ್ಯಾಸಕ್ಕೆ ಮೊದಲು ಮಜ್ಜಿಗೆ ತಂದುಕೊಟ್ಟವರೂ ಹನುಮವ್ವನೇ.

“ಮನೇಲಿ ಯಾರ್ಯಾರು ಇದಾರ್ರೀ?” ಎಂದು ಕೇಳಿದರು.

“ಯಾರೂ ಇಲ್ಲಮ್ಮ. ಒಬ್ಬನೇ.”

“ಹಂಗಾರೆ ಮಾತಾಡಾಕೆ?”

“ಕಂಪ್ಯೂಟರ್ ಇದೆಯಲ್ಲ,” ಎಂದು ನಗಾಡಿದೆ.

ಅವರು ನಗಲಿಲ್ಲ. “ಅದೇನು ಮಾರುತ್ತರ ಕೊಡ್ತದಾ?” ಎಂದು ಕೇಳಿ, ಖಾಲಿ ಲೋಟ ತೆಗೆದುಕೊಂಡು ಹೋದರು.

ರೇಣುಕಾಳ ಕಿವಿಗೆ ಇಯರ್‌ಫೋನ್ ಹಾಕಿ ಶುರು ಮಾಡಿಸಿದೆ. ಹನ್ನೆರಡು ಡೊಳ್ಳುಗಳು ಒಟ್ಟಿಗೆ ಬಿದ್ದಾಗ ಸದ್ದು ಅಂಗಾಲಿನಿಂದ ಏರಿ ಎದೆಗೆ ಬಂತು. ಎಷ್ಟೋ ವರ್ಷಗಳಿಂದ ನಾನು ಸಂಗೀತವನ್ನು ಹೆಡ್‌ಫೋನಿನಲ್ಲಲ್ಲದೆ ಕೇಳಿರಲಿಲ್ಲ. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯ ಸುತ್ತಿಗೆ ಹೊರಳುವಾಗ ಎಲ್ಲರೂ ಹಿಂದೆ ಬಿದ್ದರು. ಕ್ಲಿಕ್ ಮುಂದೆ ಹೋಗಿತ್ತು. ಮತ್ತೆ ಮಾಡಿಸಿದೆ, ಮತ್ತೆ ಅಲ್ಲೇ ತಪ್ಪಿತು. ಐದು ಸಲ ಹೀಗಾದ ಮೇಲೆ ರೇಣುಕಾ ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದಳು.

“ಸರ್, ಇದು ಉಸಿರು ತಗಳಲ್ಲ ಕಣ್ರೀ. ಒಂದ್ ಗಳಿಗೆ ನಿಲ್ಲಬೇಕಾದಲ್ಲಿ ನಿಲ್ಲಲ್ಲ.”

“ನಿಲ್ಲೋ ಹಾಗಿಲ್ಲಮ್ಮ. ಪಿಟೀಲಿನವರು ಇದೇ ಗೆರೆ ಮೇಲೆ ಬರ್ತಾರೆ. ಮಷೀನು ತಪ್ಪಲ್ಲ. ನಾವೇ ತಿದ್ಕೋಬೇಕು.”

ಅವಳು ಏನೋ ಹೇಳಲು ಬಾಯಿ ತೆರೆದಳು. ಸಾಲಿನ ಕೊನೆಯ ಕಡೆಗೊಮ್ಮೆ ನೋಡಿ ಸುಮ್ಮನಾದಳು. ನಾನು ಇದನ್ನು ಕಂಡೆ. ನಾಚಿಕೆ ಎಂದುಕೊಂಡೆ. ದಿನಾ ಒಂದು ಗಂಟೆ ಅಭ್ಯಾಸ ಮಾಡಿ, ಮೂರು ವಾರ ಬಿಟ್ಟು ರೆಕಾರ್ಡ್ ಮಾಡಿ ಕಳಿಸಿ ಎಂದು ಹೇಳಿ, ಕೊನೆಯ ಬಸ್ಸಿಗೆ ಹೊರಟೆ.

ಮೂರು ವಾರಕ್ಕೆ ಸರಿಯಾಗಿ ವಾಟ್ಸಾಪಿನಲ್ಲಿ ಅದು ಬಂತು. ಸಾಫ್ಟ್‌ವೇರಿಗೆ ಹಾಕಿ ನನ್ನ ಗೆರೆಯ ಮೇಲೆ ಕೂರಿಸಿ ನೋಡಿದೆ. ತೊಂಬತ್ತಾರು ಬಾರ್‌ಗಳಲ್ಲಿ ಎಲ್ಲೂ ನಿಮಿಷಕ್ಕೆ ಎರಡು ಪೆಟ್ಟಿಗಿಂತ ಹೆಚ್ಚು ವ್ಯತ್ಯಾಸವಿಲ್ಲ! ಇಪ್ಪತ್ತಮೂರು, ನಲವತ್ತೊಂದು, ಐವತ್ತೊಂಬತ್ತು, ಎಪ್ಪತ್ತೇಳು, ನಾಲ್ಕೂ ಕಡೆ ಇಸ್ತ್ರಿ ಹಾಕಿದಂತೆ ಸಮವಾಗಿತ್ತು. ಸಂತೋಷ ತಡೆಯಲಾರದೆ ಕೆಳಗಿಳಿದು ಶಿವಣ್ಣನಿಗೆ ಹೇಳಿದೆ. “ಏನೋ ಒಳ್ಳೇದಾತಲ್ರಿ, ಬಿಡ್ರಿ,” ಎಂದು ಅವನು ಒಂದು ಮಂಡಕ್ಕಿ ಮಿರ್ಚಿ ತಂದಿಟ್ಟ. ವಿವೇಕನಿಗೆ ‘ತಂಡ ಸಿದ್ಧ, ಗೆರೆ ಬದಲಿಸುವ ಅಗತ್ಯವಿಲ್ಲ’ ಎಂದು ಬರೆದೆ. ಅದರ ಬಲದ ಮೇಲೆ ಅವನು ಆ ವಾರವೇ ಸ್ಟುಡಿಯೋ ಹಿಡಿದು ತಂತಿವಾದ್ಯಗಳ ಭಾಗವನ್ನು ಮುದ್ರಿಸಿಬಿಟ್ಟ.

ಪ್ರದರ್ಶನಕ್ಕೆ ಹನ್ನೆರಡು ದಿನವಿದ್ದಾಗ ಕೊನೆಯ ತಾಲೀಮಿಗೆಂದು ಮತ್ತೆ ಹೋದೆ. ಕಣದಲ್ಲಿ ಹೆಂಗಸರು ನಿಂತಿದ್ದರು. ಮಜ್ಜಿಗೆಯನ್ನು ಬೇರೆ ಯಾರೋ ತಂದುಕೊಟ್ಟರು. ಬಾರಿಸಲು ಶುರು ಮಾಡಿದ ಮೇಲೆ ಎಣಿಸಿದೆ. ಹನ್ನೊಂದು ಮಂದಿ.

“ಹನುಮವ್ವ ಎಲ್ಲಿ?” ಎಂದು ಸುತ್ತು ಮುಗಿದ ಮೇಲೆ ಕೇಳಿದೆ.

ಒಬ್ಬಳು ಡೊಳ್ಳಿನ ಹಗ್ಗ ಬಿಗಿ ಮಾಡತೊಡಗಿದಳು.

“ಕಾಲುನೋವು ಸರ್. ಬಿಟ್ರು,” ಎಂದಳು ರೇಣುಕಾ.

“ಮತ್ತೊಂದ್ಸಲ ಬಾರಿಸಿ,” ಎಂದೆ. ಈ ಸಲ ಲ್ಯಾಪ್‌ಟಾಪ್ ಮುಚ್ಚಿಟ್ಟು ಅವರ ಕಾಲುಗಳನ್ನು ನೋಡಿದೆ. ಮೊದಲ ನಾಲ್ಕು ಬಾರ್ ನಿಂತಲ್ಲೇ ಬಾರಿಸುತ್ತಾರೆ; ಆಮೇಲೆ ಹದಿನೆಂಟು ಬಾರ್‌ಗಳಿಗೊಮ್ಮೆ ಸಾಲು ವೃತ್ತವಾಗಿ ಒಂದು ಸುತ್ತು ತಿರುಗುತ್ತದೆ. ಸುತ್ತು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಎಡಗಾಲಿನ ಮೇಲೆ ಜಿಗಿದು ಹೊರಳುತ್ತಾರೆ. ಹನ್ನೊಂದು ಮಂದಿ ಪುಟಿದ ಹಾಗೆ ಹೊರಳಿದರು. ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅದು ಇಪ್ಪತ್ತಮೂರನೆಯ ಬಾರ್.

ರೇಣುಕಾಳನ್ನು ಪಕ್ಕಕ್ಕೆ ಕರೆದು, ಮೊದಲಿನ ಮುದ್ರಣದಲ್ಲಿ ಹೊರಳುವ ಕಡೆ ಯಾಕೆ ನಿಧಾನವಾಗುತ್ತಿತ್ತು ಎಂದು ಕೇಳಿದೆ.

“ಹನುಮವ್ವನ ಎಡಗಾಲು ಬಗ್ಗಲ್ಲ ಸರ್. ಆ ಕಾಲು ನೆಲಕ್ಕೆ ಊರೋ ತನಕ ನಾನು ಕೋಲು ಎತ್ತಿ ಹಿಡೀತಿದ್ದೆ. ಅವರು ಊರಿದ ಮೇಲೆ ಹೊಡೀತಿದ್ದೆ. ಐದಾರು ವರ್ಷದಿಂದ ಹಂಗೇ ಬಂದೈತೆ. ನಿಮ್ಮ ಮಷೀನು ಹಿಡಿಯಲ್ಲ.”

“ಮೊದಲ ದಿನವೇ ಹೇಳಬಹುದಿತ್ತಲ್ಲಮ್ಮ!”

“ಅವರ ಎದುರಿಗೆ ಹೆಂಗೆ ಹೇಳ್ಲಿ ಸರ್? ನಿಮ್ಮ ಕಾಲಿಂದ ತಡ ಆಗ್ತೈತೆ ಅಂತ ಹೇಳ್ಲಾ?” ಅವಳ ದನಿ ಏರಿತು, ಮತ್ತೆ ಇಳಿಯಿತು. “ಯಾರೂ ಹೋಗು ಅನ್ನಲಿಲ್ಲ. ಎರಡು ದಿನ ತಾವೇ ಹಿಂದೆ ಬಿದ್ರು. ಮೂರನೇ ದಿನ ಡೊಳ್ಳು ತಂದು ಈ ಕಟ್ಟೆ ಮೇಲಿಟ್ಟು, ಯಾರಿಗಾರ ಬೇಕಾಗ್ತದೆ ಇಟ್ಕಳ್ರಿ ಅಂತಂದು ಹೋದ್ರು. ಆಮೇಲೆ ನಾವು ಸರಿಯಾಗಿ ಬಂದ್ವಿ. ಅದನ್ನೇ ನಿಮಗೆ ಕಳಿಸಿದ್ದು.”

ನಾನು ಶಿವಣ್ಣನಿಗೆ ಹೇಳಿ ಮಂಡಕ್ಕಿ ತಿಂದು ಸಂಭ್ರಮಿಸಿದ್ದು ಅದನ್ನೇ.

ಹನುಮವ್ವನ ಮನೆ ಊರೊಳಗಿನ ಎರಡನೆಯ ಕೇರಿಯಲ್ಲಿ. ಜಗಲಿಯ ಮೇಲೆ ಕಾಲು ನೀಡಿ ಕೂತು, ಶುಂಠಿಯ ಬೇರಿನಿಂದ ಮಣ್ಣು ಬಿಡಿಸುತ್ತಿದ್ದರು. ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ನನ್ನನ್ನು ಕಂಡು ಏಳಲು ಹೋದರು. ಬೇಡ ಎಂದು ನಾನೇ ಕೆಳಗೆ ಕೂತೆ.

“ನನ್ನಿಂದ ತಪ್ಪಾಯ್ತು ಹನುಮವ್ವ,” ಎಂದೆ.

“ನಿಮ್ದೇನು ತಪ್ಪು? ನಿಮಗೆ ಸಿಕ್ಕಿದ್ದು ಬರೀ ಸದ್ದು. ಕಾಲು ಕಾಣ್ತದಾ ಅದ್ರಾಗೆ?” ಎಂದು ಅವರು ಶುಂಠಿ ಬಿಡಿಸುವುದನ್ನು ಮುಂದುವರಿಸಿದರು. “ನಾಕು ಗಂಟೆ ಆದ್ರೆ ಇಲ್ಲಿಗೂ ಕೇಳ್ತದೆ. ಆವಾಗ ಒಳಗೆ ಹೋಗಿ ಮಿಕ್ಸಿ ಹಾಕ್ಕಂತೀನಿ. ಏನಾರ ರುಬ್ಬಾದು ಇದ್ದೇ ಇರ್ತದೆ,” ಎಂದರು.

ಬ್ಯಾಂಡಿನ ಪುಸ್ತಕದ ಕೋಣೆಯಲ್ಲಿ ನಾನು ಫ್ಯಾನನ್ನು ಜೋರಾಗಿ ಇಟ್ಟುಕೊಳ್ಳುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ. ಹಲ್ಲಿನ ಕಥೆಯನ್ನೂ ಹೇಳಿದೆ. ಅವರು ಕೈ ನಿಲ್ಲಿಸಿ ಪೂರ್ತಿ ಕೇಳಿದರು. “ಈಗ ಊದಲ್ವಾ?” ಎಂದರು. ಇಲ್ಲ ಎಂದೆ. “ಪೆಟ್ಟಿಗೇಲಿ ಐತಾ?” ಎಂದರು. ಇದೆ ಎಂದೆ. ಅಷ್ಟಕ್ಕೆ ಆ ಮಾತು ಮುಗಿಯಿತು.

ನಾನು ಲ್ಯಾಪ್‌ಟಾಪ್ ತೆಗೆದು ಮೊದಲಿನ ಧ್ವನಿಮುದ್ರಣ ಹಾಕಿದೆ. ಅವರ ಬಲಗೈ ತಾನಾಗಿಯೇ ತೊಡೆಯ ಮೇಲೆ ಬೀಳತೊಡಗಿತು. ಪರದೆಯ ಮೇಲೆ ವೇಗದ ನಕ್ಷೆ ಓಡುತ್ತಿತ್ತು. ಇಪ್ಪತ್ತಮೂರಕ್ಕೆ ಬಂದಾಗ ನೀಡಿದ್ದ ಎಡಗಾಲು ಒಂದಿಷ್ಟು ಒಳಗೆ ಸರಿದು, ಹಿಮ್ಮಡಿ ಜಗಲಿಗೆ ಒತ್ತಿತು. ಅದೇ ಕ್ಷಣಕ್ಕೆ ನಕ್ಷೆ ಕುಸಿದು ಮೇಲೆದ್ದಿತು. ಅವರು ಬಾಗಿ ಆ ಕುಸಿತದ ಮೇಲೆ ಮಣ್ಣಿನ ಬೆರಳಿಟ್ಟರು.

“ಇದು ನಾನೇನ್ರೀ?”

“ಹೌದು.”

“ನಾಕು ಸಲ ಬರ್ತೀನಾ?”

“ನಾಲ್ಕು ಸಲ.”

ಮುಂದಿನ ಮೂರನ್ನೂ ಕಾದು ನೋಡಿದರು. ನಿಮಗೆ ಹೊಂದುವಂತೆ ಕ್ಲಿಕ್ ಬದಲಿಸುತ್ತೇನೆ, ವಾಪಸ್ ಬನ್ನಿ ಎಂದು ಬೇಡಿಕೊಂಡೆ. ತಲೆಯಾಡಿಸಿದರು. “ಒಂದ್ಸಲ ಇಟ್ಟು ಬಂದ ಡೊಳ್ಳನ್ನ ಮತ್ತೆ ಹೋಗಿ ಕೇಳಾಕಾಗಲ್ರೀ,” ಎಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು: “ನನ್ನದು ಹೋಗ್ಲಿ. ರೇಣುಕಂಗೂ ವಯಸ್ಸಾಗ್ತದೆ. ಕಾಯೋದನ್ನ ಈ ಹುಡುಗೀರು ಮರೆತ್ರೆ, ಅವಳ ಕಾಲಿಗೆ ಯಾರು ಕಾಯ್ತಾರೆ?”

ಶಿಕಾರಿಪುರಕ್ಕೆ ಬಂದು ಮರುದಿನ ಬೆಳಿಗ್ಗೆಯಿಂದಲೇ ಕೆಲಸಕ್ಕೆ ಕೂತೆ. ಒಂದೇ ಗೆರೆಯನ್ನು ಅಳಿಸಿ ಐದು ತುಂಡು ಮಾಡಿದೆ. ಪ್ರತಿ ತುಂಡಿನ ಆರಂಭದ, ಕೊನೆಯ ವೇಗವನ್ನು ಮೊದಲಿನ ಧ್ವನಿಮುದ್ರಣದಿಂದ ಎತ್ತಿದೆ. ತುಂಡುಗಳ ಒಳಗೂ ಏರಿಕೆ ಸಮವಾಗಿರಲಿಲ್ಲ. ಹಾಗಾಗಿ ಪ್ರತಿ ಬಾರಿನ ಮೇಲೂ ಒಂದೊಂದು ವೇಗದ ಸಂಖ್ಯೆ ಬರೆದು, ಅಚ್ಚಿನಲ್ಲಿ ಕಾಣದಂತೆ ಅಡಗಿಸಿಟ್ಟೆ. ಸಾಫ್ಟ್‌ವೇರಿನಲ್ಲಿ ಹೀಗೆ ಮಾಡಲು ಬರುತ್ತದೆ. ಹಾಳೆಯ ಮೇಲೆ ಏನೂ ಕಾಣುವುದಿಲ್ಲ. ಮಷೀನು ಮಾತ್ರ ಆ ಸಂಖ್ಯೆಗಳನ್ನು ಓದಿಕೊಂಡು ನಡೆಯುತ್ತದೆ. ಮೂರು ದಿನ ಹಿಡಿಯಿತು. ಆ ಮೂರು ದಿನ ಹೋಟೆಲಿಗೂ ಇಳಿಯಲಿಲ್ಲ. ಮೂರನೆಯ ದಿನ ಶಿವಣ್ಣನೇ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿ, “ಅದೀರೇನ್ರಿ?” ಎಂದು ಕೇಳಿ ಹೋದ.

ಕಡತ ಕಳಿಸಿ ವಿವೇಕನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ.

“ಪಿಟೀಲಿನ ಭಾಗ ಪೂರ್ತಿ ಮತ್ತೆ ಮುದ್ರಿಸ್ಬೇಕಾಗುತ್ತೆ ಸರ್. ಒಂಬತ್ತು ದಿನ ಇದೆ.”

“ಗೊತ್ತು.”

“ಆ ಅಮ್ಮ ವಾಪಸ್ ಬರ್ತಾರಾ?”

“ಇಲ್ಲ. ಒಪ್ಪಲಿಲ್ಲ.”

“ಮತ್ತೆ ಯಾರಿಗೋಸ್ಕರ ಸರ್ ನಿಧಾನ ಮಾಡೋದು?”

ಹನುಮವ್ವ ಕೇಳಿದ ಪ್ರಶ್ನೆಯನ್ನೇ ಅವನಿಗೂ ಹೇಳಬೇಕಿತ್ತು. ಫೋನಿನಲ್ಲಿ ಅದು ನಾಲಿಗೆಗೆ ಬರಲಿಲ್ಲ. ಅವನು ಕಟುಕನಲ್ಲ. “ಮೊದಲೇ ಗೊತ್ತಾಗಿದ್ರೆ ಮಾಡ್ತಿದ್ದೆ ಸರ್, ನಿಜವಾಗ್ಲೂ,” ಎಂದ. ಅವನ ಮಾತನ್ನು ನಂಬುತ್ತೇನೆ. ಮೊದಲೇ ಹೇಳಬೇಕಾದವನು ನಾನಾಗಿದ್ದೆ.

ಪ್ರದರ್ಶನ ನೇರ ಗೆರೆಯ ಮೇಲೆಯೇ ನಡೆಯಿತು. ನಾನು ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಹನ್ನೊಂದು ಹೆಂಗಸರು ಕೆಂಪು ಸೀರೆಯುಟ್ಟು ವೇದಿಕೆ ತುಂಬಿದರು. ಪಿಟೀಲುಗಳ ನಾದ ಎಲ್ಲೆಡೆಯಿಂದ ಹರಿದು ಬಂತು. ವೇಗ ಎಲ್ಲೂ ಮೆಟ್ಟಿಲು ಕಾಣದಂತೆ ಏರಿತು. ವಿವೇಕನಿಗೆ ಬೇಕಾದದ್ದು ನೂರಕ್ಕೆ ನೂರು ಸಿಕ್ಕಿತು. ನನ್ನ ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡರು. ನಾನು ಸಂಗೀತ ಕೇಳುತ್ತಿರಲಿಲ್ಲ, ಬಾರ್ ಎಣಿಸುತ್ತಿದ್ದೆ. ಇಪ್ಪತ್ತಮೂರಕ್ಕೆ ಬಂದಾಗ ರೇಣುಕಾಳ ಕತ್ತು ಸಾಲಿನ ಕೊನೆಯ ಕಡೆಗೆ ತಿರುಗಿತು. ಕೋಲು ಉಳಿದವರ ಕೋಲಿಗಿಂತ ಗೇಣು ಮೇಲೆ ಹೋಗಿ, ಅಲ್ಲಿಂದ ಕ್ಲಿಕ್ಕಿಗೆ ಸರಿಯಾಗಿ ಕೆಳಗೆ ಬಂತು. ನಲವತ್ತೊಂದರಲ್ಲೂ ಹಾಗೇ ಮಾಡಿದಳು. ಐವತ್ತೊಂಬತ್ತರಲ್ಲಿ ಮಾಡಲಿಲ್ಲ.

ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೇದಿಕೆಯ ಹಿಂದೆ ಹೋಗಿ ಮಾತಾಡಿಸಬಹುದಿತ್ತು. ಹೋಗದೆ ಬಸ್ ನಿಲ್ದಾಣಕ್ಕೆ ನಡೆದೆ.

ವಾರ ಬಿಟ್ಟು ಹನುಮವ್ವನಲ್ಲಿಗೆ ಹೋದೆ.

“ಚಪ್ಪಾಳೆ ಬಿತ್ತಾ?” ಎಂದು ಕೇಳಿದರು.

“ಬಿತ್ತು. ಎದ್ದು ನಿಂತು ಹೊಡೆದರು.”

“ರೇಣುಕ ಎಲ್ಲೂ ತಪ್ಪಲಿಲ್ಲಲ್ಲ?”

ಅವಳು ಎರಡು ಸಲ ಕೋಲನ್ನು ಮೇಲೆ ಹಿಡಿದಳು ಎಂದೆ. ಹನುಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಚಹಾ ಮಾಡಲು ಒಳಗೆ ಹೋದರು. ಒಳಗಿನಿಂದ ಬರುವಾಗ ಮುಖ ತೊಳೆದುಕೊಂಡಿದ್ದರು.

ನನ್ನಿಂದ ಆಗುವುದು ಒಂದು ಉಳಿದಿತ್ತು. ಮೂರು ದಿನ ಕೂತು ಮಾಡಿದ ಆ ಸ್ವರಲಿಪಿಯನ್ನು ತಂಡದ ಹೆಸರಿನಲ್ಲಿ ಅಚ್ಚುಕಟ್ಟಾಗಿ ಸಿದ್ಧಪಡಿಸಿದೆ. ಹನ್ನೊಂದಲ್ಲ, ಹನ್ನೆರಡು ಡೊಳ್ಳುಗಳಿಗೆ. ಹೊರಳುವ ನಾಲ್ಕು ಬಾರ್‌ಗಳ ಮೇಲೆ ಇಟಾಲಿಯನ್ ಪದ ಹಾಕದೆ ‘ಎಲ್ಲರ ಕಾಲು ಊರುವವರೆಗೆ ಕಾಯಿರಿ’ ಎಂದು ಕನ್ನಡದಲ್ಲೇ ಬರೆದೆ. ಒಂದು ಪ್ರತಿ ರೇಣುಕಾಳಿಗೆ, ಒಂದು ವಿವೇಕನಿಗೆ ಕಳಿಸಿದೆ. ರೇಣುಕಾಳಿಗೆ ಐದು ಗೆರೆಗಳ ಲಿಪಿ ಓದಲು ಬರುವುದಿಲ್ಲ. ಆ ನಾಲ್ಕು ಕಡೆಯ ಕನ್ನಡ ಓದಲು ಬರುತ್ತದೆ. ಅವಳಿಂದ ಉತ್ತರ ಬರಲಿಲ್ಲ. ನಾನೂ ಕೇಳಲಿಲ್ಲ. ಬೇರೆ ಕೆಲಸಗಳು ಬಂದವು. ಬೇಸಿಗೆ ಕಳೆಯಿತು, ಮಳೆ ಹಿಡಿಯಿತು. ಸಂಜೆ ಟೀ ಕೇಳುವಾಗ ದನಿ ಒಡೆಯುವ ದಿನಗಳು ಮತ್ತೆ ಶುರುವಾದವು.

ಗಣೇಶ ಹಬ್ಬ ಕಳೆದ ಮೇಲೆ ಒಂದು ದಿನ ರೇಣುಕಾಳಿಂದ ಧ್ವನಿಮುದ್ರಣವೊಂದು ಬಂತು. ಜೊತೆಗೆ ಒಂದಕ್ಷರವೂ ಇಲ್ಲ. ಸೊರಬದಲ್ಲಿ ಯಾವುದೋ ಕಾರ್ಯಕ್ರಮದಲ್ಲಿ ಹಿಡಿದದ್ದು. ನಡುವೆ ಮೈಕಿನ ಕಿರುಚಾಟವೂ ಇತ್ತು. ಸಾಫ್ಟ್‌ವೇರಿಗೆ ಹಾಕಿದೆ. ಇಪ್ಪತ್ತಮೂರರಲ್ಲಿ ವೇಗ ಕುಸಿದು ಮೇಲೆದ್ದಿತು. ನಲವತ್ತೊಂದರಲ್ಲಿ, ಐವತ್ತೊಂಬತ್ತರಲ್ಲಿ, ಎಪ್ಪತ್ತೇಳರಲ್ಲಿ. ತಕ್ಷಣ ಫೋನ್ ಮಾಡಿದೆ.

“ಹನುಮವ್ವ ಬಂದ್ರಾ?”

“ಇಲ್ಲ ಸರ್. ಬಾ ಅಂತ ಹೋಗಿ ಕರೆದ್ವಿ. ಬರಲ್ಲ ಅಂದ್ರು,” ಎಂದಳು ರೇಣುಕಾ. “ನಮ್ಮ ತಂಡದ ಗಿರಿಜಾಗೆ ಮಳೆಗಾಲದಾಗೆ ಹೊಟ್ಟೆ ಆಪರೇಷನ್ ಆಗಿತ್ತು ಸರ್, ಈಗ ಎದ್ದು ಬಂದಾಳೆ. ಹೊರಳೋದು ನಿಧಾನ. ಅವಳಿಗೆ ಕಾದ್ವಿ.”

“ಒಳ್ಳೇದಾಯ್ತಮ್ಮ,” ಎಂದೆ.

“ಹನುಮವ್ವ ಬಾರಿಸಲ್ಲ ಸರ್, ಆದ್ರೆ ಕಣಕ್ಕೆ ಬಂದು ಕೂತ್ಕತಾರೆ ಈಗ. ಗಿರಿಜಾ ಕಾಲು ಊರೋ ಮುಂಚೆ ನಾನು ಹೊಡೆದ್ರೆ ಅಲ್ಲಿಂದ್ಲೇ ಬೈತಾರೆ,” ಎಂದು ಹೇಳಿ ಫೋನಿಟ್ಟಳು.

ಈ ಕಸುಬಿನಲ್ಲಿ ಮೆಲ್ಲಗೆ ಏರುವ, ಮೆಲ್ಲಗೆ ಇಳಿಯುವ ವೇಗವನ್ನು ಬರೆಯುವುದು ಸಾಫ್ಟ್‌ವೇರ್ ಗೊತ್ತಿರುವ ಯಾರಿಗಾದರೂ ಐದು ನಿಮಿಷದ ಕೆಲಸ. ಎರಡು ಸಂಖ್ಯೆ ಕೊಟ್ಟರೆ ಉಳಿದದ್ದನ್ನು ಅದೇ ಮಾಡುತ್ತದೆ. ಈಗ ನಾನು ಆ ಎರಡು ಸಂಖ್ಯೆ ಕೊಡುವ ಮೊದಲು, ಧ್ವನಿಮುದ್ರಣ ಕಳಿಸಿದವರಿಗೆ ಫೋನ್ ಮಾಡುತ್ತೇನೆ. ನುಡಿಸಿದವರು ಎಷ್ಟು ಜನ, ಅವರಲ್ಲಿ ಎಲ್ಲರಿಗಿಂತ ನಿಧಾನ ಯಾರು, ಅವರ ಹೆಸರೇನು ಎಂದು ಕೇಳುತ್ತೇನೆ. ಇದೆಲ್ಲ ನಿಮಗೆ ಯಾಕೆ ಸರ್ ಎಂದು ಕೆಲವರು ನಗುತ್ತಾರೆ, ಕೆಲವರಿಗೆ ರೇಗುತ್ತದೆ. ಹೇಳಿದ ಹೆಸರನ್ನು ಕಡತದ ಮೊದಲ ಸಾಲಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಮೊದಲ ಪೆಟ್ಟನ್ನು ಹಿಡಿಯುತ್ತೇನೆ.